ಸೊಸೆಯ ಮಾತ್ರೆ ನಾನು ನಿಲ್ಲಿಸಿದ್ದು

ನಮ್ಮ ಬೀದಿಯ ಯಾವ ಹೆಂಗಸು ಯಾವತ್ತು ಮುಟ್ಟಾಗುತ್ತಾಳೆ ಎಂಬುದು ಅವಳ ಗಂಡನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಇದು ಜಂಬದ ಮಾತಲ್ಲ. ಪೂರ್ತಿ ಅಲ್ಲ ಎಂದೂ ಹೇಳಲಾರೆ. ಮದುವೆಯಿರಲಿ, ಗೃಹಪ್ರವೇಶವಿರಲಿ, ದೇವರ ಕೆಲಸವಿರಲಿ, ದಿನ ಗೊತ್ತು ಮಾಡುವ ಮೊದಲು ಹೆಂಗಸರು ನನ್ನ ಹತ್ತಿರ ಬಂದು ಹೋಗುತ್ತಿದ್ದರು. ಅಯ್ನೋರು ಪಂಚಾಂಗ ನೋಡಿದರೆ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗುವ ವರ್ಷ ಮನೆಯ ಕುರಿಗಳೆಲ್ಲ ಒಟ್ಟಿಗೆ ಮರಿ ಹಾಕಿದವು, ಮರಿ ಕಾಯಲು ಆಳು ಬೇಕಿತ್ತು, ನನ್ನ ಓದು ಅಲ್ಲಿಗೆ ಮುಗಿಯಿತು. ಆದರೂ ದಿನ ಎಣಿಸುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತ ಹತ್ತು ಊರಲ್ಲಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹಾಗೆ ಹೇಳಿದ್ದು ನೆನಪಿಲ್ಲ.

ಅಂಥ ನಾನು ಹಾಕಿದ ಒಂದು ಲೆಕ್ಕದಿಂದ ಸೊಸೆಯ ಜೀವಕ್ಕೆ ಸಂಚಕಾರ ಬರುವುದರಲ್ಲಿತ್ತು. ಅದನ್ನು ನಾನೇ ಬರೆದುಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ.

ನಮ್ಮದು ಹೊಸದುರ್ಗದಿಂದ ಬಾಗೂರಿನ ಕಡೆಗೆ ಹೋಗುವ ದಾರಿಯ ಪಕ್ಕದ ಊರು. ಮನೆಯಲ್ಲಿ ನಾನು, ಸೊಸೆ, ಆಗ ಹತ್ತು ತಿಂಗಳಾಗಿದ್ದ ಮೊಮ್ಮಗಳು. ಮಗ ಬೋರ್‌ವೆಲ್ ಲಾರಿಯವನು. ಒಂದು ತಿಂಗಳು ಹಿರಿಯೂರಿನ ಕಡೆ, ಇನ್ನೊಂದು ತಿಂಗಳು ಆಂಧ್ರದ ಗಡಿಯ ಕಡೆ, ಎಲ್ಲಿ ನೆಲಕ್ಕೆ ತೂತು ಕೊರೆಯಬೇಕೋ ಅಲ್ಲಿರುತ್ತಾನೆ. ಮನೆಗೆ ಬರುವುದು ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಸಲ.

ಸೊಸೆಗೆ ಹೆರಿಗೆ ಆದದ್ದು ಚಿತ್ರದುರ್ಗದಲ್ಲಿ. ಕೊಯ್ದು ತೆಗೆದರು. ತೆಗೆದ ಮೇಲೆ ರಕ್ತ ನಿಲ್ಲಲಿಲ್ಲ. ಎರಡು ಬಾಟ್ಲಿ ರಕ್ತ ಹಾಕಿದರು, ಸಾಲದೆ ಇನ್ನೂ ಒಂದು ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಎಲ್ಲ ಸರಿ ಹೋಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಒಳಗೆ ಏನಾಗುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನೂ ಮಗನನ್ನೂ ನಿಲ್ಲಿಸಿಕೊಂಡು ಹೇಳಿದರು: "ಇನ್ನೊಂದು ಮಗು ಬೇಕಾದ್ರೆ ಮೂರು ವರ್ಷ ಕಾಯಿರಿ. ಈಗಲೇ ಬಸುರು ನಿಂತ್ರೆ ಹೊಲಿಗೆ ಬಿಚ್ಚಬಹುದು. ಈ ಸಲ ಉಳಿದಿದ್ದೇ ದೊಡ್ಡದು." ಮಗ ಹೂಂ ಎಂದ. ನಾನೂ ಹೂಂ ಎಂದೆ. ಮಗುವಿಗೆ ಏಳು ತಿಂಗಳಾದ ಮೇಲೆ ಸೊಸೆ ಆರೋಗ್ಯ ಕೇಂದ್ರದಲ್ಲಿ ಕೇಳಿ ದಿನಕ್ಕೊಂದು ಮಾತ್ರೆ ಶುರು ಮಾಡಿದಳು. ಒಂದು ಶೀಟಿನಲ್ಲಿ ಇಪ್ಪತ್ತೊಂದು ಬಿಳಿ, ಏಳು ಕಂದು. ಬಿಳಿಯದು ಮುಗಿದು ಕಂದಿಗೆ ಬಂದಾಗ ಮುಟ್ಟು ಬರುತ್ತದೆ. ಅವಳು ಪಿಯುಸಿ ಓದಿದವಳು, ಶೀಟಿನ ಹಿಂದೆ ಬರೆದದ್ದನ್ನೆಲ್ಲ ಓದಿಕೊಂಡು ಸರಿಯಾಗಿ ನುಂಗುತ್ತಿದ್ದಳು. ಹೀಗೆ ಮೂರು ತಿಂಗಳು ನಡೆಯಿತು.

ಆಮೇಲೆ ಮೀಸಲು ಬಂತು.

ನಮ್ಮ ಮನೆದೇವರಿಗೆ ವರ್ಷಕ್ಕೊಂದು ಸಲ ಹಾಲು ಮೀಸಲು ಹಿಡಿಯುತ್ತೇವೆ. ಒಂಬತ್ತು ದಿನ ಮನೆಯ ಹಾಲನ್ನು ಯಾರೂ ಬಾಯಿಗೆ ಹಾಕದೆ ಹೊಸ ಗಡಿಗೆಯಲ್ಲಿ ಹೆಪ್ಪು ಹಾಕಿ, ಬೆಣ್ಣೆ ತೆಗೆದು, ಒಂಬತ್ತನೆಯ ದಿನ ಆ ತುಪ್ಪದಲ್ಲಿ ದೇವರಿಗೆ ದೀಪ ಹಚ್ಚುತ್ತೇವೆ. ಗಡಿಗೆ ಮುಟ್ಟುವವಳು ಮನೆಯ ಒಬ್ಬಳೇ ಹೆಂಗಸು. ಮನೆಗೆ ಹೊಸ ಕೂಸು ಬಂದ ವರ್ಷ ಆ ಕೂಸಿನ ತಾಯಿಯೇ ಮುಟ್ಟಬೇಕು. ಒಂಬತ್ತು ದಿನದ ನಡುವೆ ಅವಳು ಹೊರಗಾದರೆ ಹಾಲೆಲ್ಲ ಗಿಡದ ಬುಡಕ್ಕೆ ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ನನ್ನ ಅತ್ತೆಯ ಕಾಲದಲ್ಲಿ ಒಂದು ವರ್ಷ ಮೂರು ಸಲ ಚೆಲ್ಲಿದ್ದರಂತೆ. ಆ ವರ್ಷ ಮನೆಯ ಬೆಕ್ಕು ಕೂಡ ಹಾಲಿಲ್ಲದೆ ಪಕ್ಕದ ಮನೆಗೆ ಹೋಗಿ ಸೇರಿಕೊಂಡಿತು ಎನ್ನುತ್ತಿದ್ದರು.

ನಾನು ಕ್ಯಾಲೆಂಡರ್ ಇಳಿಸಿಕೊಂಡು ಎಣಿಸಿದೆ. ಸೊಸೆ ಆ ಶೀಟಿನಲ್ಲಿ ಹತ್ತು ಮಾತ್ರೆ ನುಂಗಿದ್ದಳು. ಉಳಿದ ಹನ್ನೊಂದು ಬಿಳಿ ಮುಗಿದು ಕಂದು ಬರುವ ಹೊತ್ತಿಗೆ ಮೀಸಲು ಹಿಡಿದು ಮೂರು ನಾಲ್ಕು ದಿನ ಆಗಿರುತ್ತದೆ. ನಟ್ಟ ನಡುವೆ ಮುಟ್ಟು. ಸೊಸೆಯನ್ನು ಕರೆದು ಹೇಳಿದೆ.

ಅವಳು ಯೋಚನೆ ಕೂಡ ಮಾಡಲಿಲ್ಲ. "ಅದಕ್ಕೇನತ್ತೆ, ಈ ಸಲ ಕಂದು ಮಾತ್ರೆ ಬಿಟ್ಟು ಹೊಸ ಶೀಟಿನ ಬಿಳೇದನ್ನೇ ನುಂಗ್ತಾ ಹೋಗ್ತೀನಿ. ಮುಟ್ಟು ಮುಂದಕ್ಕೆ ಹೋಗ್ತೈತೆ. ಆಶಾನ ಒಂದ್ಮಾತು ಕೇಳಾಣ ಬೇಕಾದ್ರೆ."

ನನಗೆ ಎರಡು ಕಡೆ ಉರಿಯಿತು. ಒಂದು, ನನ್ನ ಕೆಲಸವನ್ನು ಅವಳು ಒಂದೇ ಉಸಿರಿಗೆ ಮುಗಿಸಿಬಿಟ್ಟಳು. ಇನ್ನೊಂದು, ಆಶಾ ಎಂದಳು. ಊರಿನ ಆಶಾ ಕಾರ್ಯಕರ್ತೆ ನನ್ನ ಮಗಳ ವಯಸ್ಸಿನವಳು. ಅವಳು ಆ ಚೀಲ ಹಿಡಿದು ಓಡಾಡಲು ಶುರು ಮಾಡಿದ ಮೇಲೆ ನನ್ನ ಕ್ಯಾಲೆಂಡರ್ ಕೇಳುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದರು.

"ಮುಂದಕ್ಕೆ ಹಾಕಿದ್ರೆ ಹೊಲಸೆಲ್ಲ ಒಳಗೇ ಕುಂತ್ಕತೈತೆ" ಎಂದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಬಾಯಿಗೆ ಬಂತು, ಹೇಳಿದೆ. "ಇವತ್ತೇ ಮಾತ್ರೆ ನಿಲ್ಸು. ಮೂರು ನಾಲ್ಕು ದಿನಕ್ಕೆ ಮುಟ್ಟು ಬರ್ತೈತೆ. ಐದು ದಿನ ಕಳೆದು ನೀರು ಹಾಕ್ಕಂಡು ಚೊಕ್ಕಟವಾಗಿ ಗಡಿಗೆ ಮುಟ್ಟು."

"ಆಮೇಲೆ ಮಾತ್ರೆ?"

"ಆಮೇಲೆ ಒಂಬತ್ತು ದಿನ ವ್ರತ. ಗಂಡ ಹೊರಗಡೆ ಮಲಗ್ತಾನೆ, ನೀನು ನನ್ನ ಮಗ್ಗುಲಾಗೆ. ಮಾತ್ರೆ ನುಂಗಿ ಯಾರನ್ನ ತಡೀತೀಯ, ನನ್ನ?"

ಅವಳಿಗೆ ನಗು ಬಂತು. ನಗು ಬಂದದ್ದೇ ಒಪ್ಪಿಗೆ ಎಂದುಕೊಂಡೆ. ಇನ್ನೂ ಏನೋ ಹೇಳಲು ಬಂದಳು. ನಾನು ಶೀಟು ತೆಗೆದುಕೊಂಡು ನನ್ನ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ. ಕೈಗೆ ಸಿಕ್ಕರೆ ಮರೆತು ನುಂಗಿಬಿಡುತ್ತಾಳೆ ಎಂದು.

ನನ್ನ ಲೆಕ್ಕ ಹೇಗೆ ನಡೆಯಿತೆಂದರೆ, ಗಡಿಯಾರ ಕೂಡ ಹಾಗೆ ನಡೆಯುವುದಿಲ್ಲ. ನಾಲ್ಕನೆಯ ದಿನ ಹೊರಗಾದಳು. ಐದನೆಯ ದಿನ ಸ್ನಾನ ಮಾಡಿದಳು. ಮರುದಿನ ಬೆಳಿಗ್ಗೆ ಗಡಿಗೆ ಮುಟ್ಟಿದಳು. ಹೆಪ್ಪು ಎಷ್ಟು ಗಟ್ಟಿ ಬಂತೆಂದರೆ ಪಾತ್ರೆ ಬೋರಲು ಹಾಕಿದರೂ ಬೀಳದ ಹಾಗೆ. ಬೀದಿಯವರಿಗೆಲ್ಲ ಕರೆದು ತೋರಿಸಿದೆ. ಮಗ ರಜೆ ಹಾಕಿ ಬಂದ, ಹೊರಗಿನ ಜಗಲಿಯ ಮೇಲೆ ಚಾಪೆ ಹಾಸಿಕೊಂಡ. ಒಂಬತ್ತನೆಯ ದಿನ ದೀಪ ಹಚ್ಚಿದೆವು, ನೆಂಟರು ಉಂಡರು, ಹೋದರು. ಆ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಸೊಸೆ ಕೇಳಿದಳು.

"ಅತ್ತೆ, ನನ್ನ ಮಾತ್ರೆ ಕೊಡ್ತೀರಾ?"

"ಕೊಡಾಣ ತಡಿ, ಸಾವಿರ ಕೆಲ್ಸ ಬಿದ್ದೈತೆ. ನಾಳೆ ಕೊಡ್ತೀನಿ."

ಮರುದಿನ ಮಗ ಕೆಲಸಕ್ಕೆ ಹೊರಡಬೇಕಿತ್ತು. ಲಾರಿಯ ಕಂಪ್ರೆಸರ್ ಕೆಟ್ಟಿದೆ, ನಾಳೆ ಬಾ ಎಂದು ಫೋನ್ ಬಂತು. ಉಳಿದುಕೊಂಡ. ಒಂಬತ್ತು ದಿನ ಮುಗಿದಿತ್ತು, ಜಗಲಿಯ ಮೇಲಿನ ಚಾಪೆ ಒಳಗೆ ಹೋಯಿತು. ಟಗರನ್ನು ಹಿಂಡಿನಿಂದ ಯಾವಾಗ ಬೇರೆ ಕಟ್ಟಬೇಕು, ಯಾವಾಗ ಬಿಡಬೇಕು ಎಂದು ಊರಿಗೆಲ್ಲ ಹೇಳುವವಳು ನಾನು. ನನ್ನ ಮನೆಯಲ್ಲಿ ವ್ರತಕ್ಕೆ ಹತ್ತನೆಯ ದಿನ ಎಂಬುದೊಂದು ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಮಗ ಹೋದ. ಸೊಸೆ ಒಲೆಯ ಮುಂದೆ ಕೂತಿದ್ದಳು, ಸಾರಿಗೆ ಉಪ್ಪು ಹಾಕಿ ಎರಡು ನಿಮಿಷದಲ್ಲಿ ಮತ್ತೆ ಹಾಕಿದಳು.

"ಏನೇ ನಿಂಗೆ?" ಎಂದೆ.

"ಅತ್ತೆ, ರಾತ್ರಿ..." ಎಂದು ನಿಲ್ಲಿಸಿದಳು. ಮತ್ತೆ ಹೇಳಿದಳು, "ನಾನು ಬ್ಯಾಡ ಅಂದೆ. ಅವ್ರು, ಮಾತ್ರೆ ತಗಂತೀಯಲ್ಲ ಅಂದ್ರು. ನಿಲ್ಸೀನಿ ಅನ್ನೋದ್ರೊಳಗೆ..."

ನಾನು ನಕ್ಕುಬಿಟ್ಟೆ. ಬರೆಯಲು ನಾಚಿಕೆ, ಆದರೂ ನಕ್ಕದ್ದು ನಿಜ. "ಹುಚ್ಚಿ, ಮೂರು ತಿಂಗ್ಳು ನುಂಗಿದ್ದು ಎಲ್ಲಿಗೆ ಹೋಗ್ತೈತೆ? ಮೈಯಾಗೇ ಇರ್ತೈತೆ. ಇನ್ನೊಂದು ತಿಂಗ್ಳು ಕಾಯ್ತೈತೆ ಅದು."

ನಾನು ಇದನ್ನು ಮನಸಾರೆ ನಂಬಿದ್ದೆ. ಹೊಲಕ್ಕೆ ಹಾಕಿದ ಗೊಬ್ಬರ ಮುಂದಿನ ಬೆಳೆಗೂ ಸ್ವಲ್ಪ ಉಳಿಯುತ್ತದಲ್ಲ, ಹಾಗೆ. ನನ್ನ ಕಾಲದಲ್ಲಿ ನಾನು ಮಾತ್ರೆಯ ಮುಖ ನೋಡಿದವಳಲ್ಲ. ಮೂರು ಹೆತ್ತು, ಹೊಳಲ್ಕೆರೆಯಲ್ಲಿ ಕ್ಯಾಂಪ್ ಹಾಕಿದ್ದಾಗ ಆಪರೇಷನ್ ಮಾಡಿಸಿಕೊಂಡು, ಒಂದು ಬಕೆಟ್ ಉಡುಗೊರೆ ತಂದವಳು. ಮಾತ್ರೆಯ ವಿಷಯ ನನಗೆ ಗೊತ್ತಿದ್ದದ್ದು ಏನೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವ ಧೈರ್ಯ ಮಾತ್ರ ಯಥೇಚ್ಛ ಇತ್ತು.

ಸೊಸೆ ನಗಲಿಲ್ಲ. ಕೈ ಹೊಟ್ಟೆಯ ಕೆಳಗೆ, ಹೊಲಿಗೆ ಇರುವ ಕಡೆ ಹೋಯಿತು. ಹಾಗೇ ಅಲ್ಲಿ ಇಟ್ಟುಕೊಂಡು ಕೂತಳು. ಆಗ ನನಗೆ ಚಿತ್ರದುರ್ಗದ ಡಾಕ್ಟರ ಮಾತು ನೆನಪಾಯಿತು.

ಅದು ನೆನಪಾದ ಮೇಲೆ ಆಗಲೇ ಆಸ್ಪತ್ರೆಗೆ ಹೋಗಬೇಕಿತ್ತು. ನಾನು ಹಿತ್ತಲಿಗೆ ಹೋದೆ. ಪರಂಗಿ ಗಿಡದಲ್ಲಿ ಒಂದು ದೋರೆಗಾಯಿ ಇತ್ತು. ಅದನ್ನು ತಂದು ಹೆಚ್ಚಿಕೊಟ್ಟೆ. ಮಧ್ಯಾಹ್ನಕ್ಕೆ ಎಳ್ಳು ಬೆಲ್ಲ ಕುಟ್ಟಿ ಮೂರು ಉಂಡೆ ತಿನ್ನಿಸಿದೆ. ಸಂಜೆಗೆ ಮತ್ತೆ ಪರಂಗಿ. ಅವಳು ಬೇಡ ಎಂದರೂ ಬಿಡಲಿಲ್ಲ. "ಇದ್ರಿಂದ ಆಗ್ತೈತಾ ಅತ್ತೆ?" ಎಂದು ಕೇಳಿದಳು. "ಆಗ್ದೆ ಏನು, ಹಿಂದಿನೋರು ದಡ್ಡರಾ?" ಎಂದೆ. ಹಿಂದಿನವರಲ್ಲಿ ನಮ್ಮ ಅತ್ತೆ ಪರಂಗಿ ತಿಂದೂ ತಿಂದೂ ಎಂಟು ಹೆತ್ತಿದ್ದರು. ಅದು ಆಗ ನೆನಪಿಗೆ ಬರಲಿಲ್ಲ. ಹೀಗೆ ಒಂದು ಇಡೀ ದಿನವನ್ನು ಪರಂಗಿಕಾಯಿ ತಿನ್ನಿಸಿ ಹಾಳು ಮಾಡಿದೆ. ಆಗಿದ್ದು ಒಂದೇ, ಸೊಸೆಗೆ ಹೊಟ್ಟೆ ಕೆಟ್ಟಿತು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಆಶಾ ಬಂದಳು. ಮೊಮ್ಮಗಳಿಗೆ ಮುಂದಿನ ಚುಚ್ಚುಮದ್ದು ಯಾವಾಗ ಎಂದು ಹೇಳಲು ಬಂದವಳು. ನಾನು ಬಾಗಿಲಲ್ಲೇ ಮಾತಾಡಿ ಕಳಿಸಿಬಿಡೋಣ ಎಂದಿದ್ದೆ. ಸೊಸೆ ಒಳಗಿನಿಂದ ಬಂದು, ನನ್ನ ಮುಖ ನೋಡದೆ, "ಅಕ್ಕ, ಒಳಗೆ ಬರ್ರಿ, ಒಂದು ಮಾತೈತೆ" ಎಂದಳು.

ಎಲ್ಲ ಹೇಳಿದಳು. ಆಶಾ ಚೀಲ ಕೆಳಗಿಟ್ಟು ಕೂತಳು.

"ಎಷ್ಟು ಹೊತ್ತಾಯ್ತು?"

"ಮೊನ್ನೆ ರಾತ್ರಿ ಹತ್ತಾಗಿತ್ತು."

ಆಶಾ ಬೆರಳು ಮಡಿಸಿದಳು. "ಮೂವತ್ತಾರು ಗಂಟೆ. ಕೊನೇ ಸಲ ಮುಟ್ಟಾಗಿದ್ದು ಯಾವತ್ತು?"

ಇದು ನನ್ನ ಇಲಾಖೆ. ಥಟ್ಟನೆ ಕ್ಯಾಲೆಂಡರ್ ಇಳಿಸಿಕೊಂಡು ಬಂದು, ಅವಳು ಹೊರಗಾದ ದಿನಕ್ಕೆ ನಾನು ಇಟ್ಟಿದ್ದ ಅರಿಶಿನದ ಬೊಟ್ಟು ತೋರಿಸಿದೆ. ಆಶಾ ಅದರಿಂದ ಮುಂದಕ್ಕೆ ಎಣಿಸಿದಳು. ಎಣಿಸಿ ನನ್ನ ಮುಖ ನೋಡಿದಳು.

"ಮೊನ್ನೆಗೆ ಸರಿಯಾಗಿ ಹದಿನೈದನೇ ದಿನ. ಅಜ್ಜಿ, ಬಸುರಾಗ್ಲಿ ಅಂತ ಹರಕೆ ಹೊತ್ತೋರು ಕಾಯ್ಕಂಡು ಕುಂತ್ಕತಾರಲ್ಲ, ಆ ದಿನಗಳು ಇವು. ಇದನ್ನ ನಿಮಗ್ಯಾರು ಲೆಕ್ಕ ಹಾಕಿಕೊಟ್ರು?"

"ನಾನೇ" ಎಂದೆ.

"ಮುತ್ತಿನಂಥ ಲೆಕ್ಕ."

"ಮೂರು ತಿಂಗ್ಳು ಮಾತ್ರೆ ನುಂಗವ್ಳಲ್ಲ, ಅದು ಮೈಯಾಗಿರಲ್ವಾ?"

"ಎಲ್ಲೀ ಇರ್ತೈತೆ ಅಜ್ಜಿ? ದಿನಾ ನುಂಗಿದ್ರೆ ದಿನಾ ಕಾವಲು. ನಿಲ್ಲಿಸಿದ್ರೆ ಕಾವಲೂ ನಿಲ್ತೈತೆ. ನಿಲ್ಲಿಸಿದ ಮುಂದಿನ ತಿಂಗ್ಳೇ ಬಸುರಾದೋರು ಎಷ್ಟೋ ಜನ ಅವ್ರೆ." ಆಮೇಲೆ ಸೊಸೆಯ ಕಡೆ ತಿರುಗಿದಳು, ಅವಳ ಜೊತೆ ಮಾತಾಡುವಾಗ ದನಿ ಬೇರೆಯಾಯಿತು. "ಹೆದ್ರಬ್ಯಾಡ. ಇದಕ್ಕಂತ್ಲೇ ಒಂದು ಮಾತ್ರೆ ಐತೆ. ಎಪ್ಪತ್ತೆರಡು ಗಂಟೆ ಒಳಗೆ ತಗಬೇಕು, ಎಷ್ಟು ಬೇಗ ತಗಂಡ್ರೆ ಅಷ್ಟು ಒಳ್ಳೇದು. ಬಸುರು ಇಳಿಸೋ ಮಾತ್ರೆ ಅಲ್ಲ ಇದು. ನಿಲ್ಲದಂಗೆ ತಡೀತೈತೆ ಅಷ್ಟೆ. ನೂರಕ್ಕೆ ನೂರು ತಡೀತೈತೆ ಅಂತ ನಾನು ಹೇಳಲ್ಲ. ಆದ್ರೆ ಸುಮ್ನೆ ಕುಂತ್ಕಳೋದಕ್ಕಿಂತ ಎಷ್ಟೋ ವಾಸಿ. ನಿನ್ನೇನೇ ತಗಂಡಿದ್ರೆ ಇನ್ನೂ ವಾಸಿಯಿತ್ತು. ನಿನ್ನೆ ಏನ್ ಮಾಡ್ತಿದ್ರಿ?"

ನಾನು ಸೀರೆಯ ಸೆರಗಿನಲ್ಲಿ ಕಸವಿಲ್ಲದ ಕಡೆ ಕಸ ಹುಡುಕಿದೆ.

ಆಶಾಳ ಚೀಲದಲ್ಲಿ ಆ ಮಾತ್ರೆ ಒಂದಿತ್ತಂತೆ, ಹೋದ ವಾರ ಇನ್ನೊಂದು ಮನೆಗೆ ಕೊಟ್ಟಿದ್ದಳು. ಆ ಸ್ಥಿತಿಯಲ್ಲೂ ನನ್ನ ಬಾಯಿ ಕೇಳಿತು: "ಯಾರ ಮನೆಗೆ?"

"ನಾಳೆ ಅವ್ರೂ ನಿಮ್ಮನೆ ವಿಷ್ಯ ಹಿಂಗೇ ಕೇಳ್ತಾರೆ, ಹೇಳ್ಲಾ?" ಎಂದಳು.

"ಹೊಸದುರ್ಗಕ್ಕೆ ಹೋಗ್ರಿ, ಯಾವ ಮೆಡಿಕಲ್ ಶಾಪಿನಾಗೂ ಸಿಗ್ತೈತೆ, ಚೀಟಿ ಬೇಕಾಗಿಲ್ಲ. ನುಂಗಿ ಎರಡು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ನುಂಗಬೇಕು, ಅದಕ್ಕೇ ಒಂದು ಹೆಚ್ಚಿಗೆ ತಗಳ್ರಿ" ಎಂದು ಹೇಳಿ ಆಶಾ ಎದ್ದಳು.

"ನಡಿ, ನಾನೂ ಬರ್ತೀನಿ. ನಿಂಗೆ ಕೇಳಾಕೆ ನಾಚಿಕೆ ಆಗ್ತೈತೆ, ನಂಗ್ಯಾವ ನಾಚಿಕೆ?" ಎಂದು ಸೊಸೆಗೆ ಹೇಳಿದೆ. ಮೊಮ್ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹೇಳುತ್ತ ಬಂದೆ. ನಾನು ಯಾರಿಗೂ ಅಂಜುವವಳಲ್ಲ, ಪಂಚಾಯಿತಿ ಮುಂದೆಯೂ ಇದ್ದದ್ದು ಇದ್ದ ಹಾಗೆ ಹೇಳಿದವಳು, ಈಗಿನ ಕಾಲದ ಹೆಣ್ಣುಮಕ್ಕಳಿಗೆ ಬಾಯಿಲ್ಲ, ಹೀಗೆ. ಸೊಸೆ ಕಿಟಕಿಯ ಕಡೆ ನೋಡುತ್ತಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರದ ಮೊದಲ ಮೆಡಿಕಲ್ ಶಾಪಿಗೆ ಹೋದೆ. ಸೊಸೆಯನ್ನು ಹೊರಗೇ ನಿಲ್ಲಿಸಿ ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಐದಾರು ಗಂಡಸರು ನಿಂತಿದ್ದರು. ಪಕ್ಕಕ್ಕೆ ಸರಿಯಿರಿ ಎಂದು ಮುಂದೆ ಹೋದೆ. ಗಲ್ಲಾದ ಹಿಂದಿನವನು ತಲೆಯೆತ್ತಿದ.

"ಓ, ದೊಡ್ಡಮ್ಮ! ಬರ್ರಿ ಬರ್ರಿ. ಮೀಸಲು ಚೆನ್ನಾಗಾಯ್ತಂತೆ, ನಮ್ಮವ್ವ ಬಂದಿದ್ಲು, ಹೆಪ್ಪು ನೋಡಿ ಬಂದು ಹೇಳಿದ್ಲು. ಏನ್ ಬೇಕಿತ್ತು?"

ನನ್ನ ಚಿಕ್ಕಮ್ಮನ ಮೊಮ್ಮಗ. ಅವನು ಅಲ್ಲಿ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಿರಲಿಲ್ಲ. ಹಿಂದೆ ಐದು ಗಂಡಸರು. ಪಂಚಾಯಿತಿ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಒಂದು ಸಲ ಕೆಮ್ಮಿದೆ. ಎರಡನೆಯ ಸಲ ಕೆಮ್ಮಿದೆ.

"ಕೆಮ್ಮಿಗಾ ದೊಡ್ಡಮ್ಮ?"

"ಮಂಡಿಗೆ" ಎಂದೆ. "ಮಂಡಿ ನೋವು. ಮುಲಾಮು ಕೊಡು."

ಮುಲಾಮು ಹಿಡಿದುಕೊಂಡು ಕೆಳಗಿಳಿದೆ. ಸೊಸೆ ಕೈ ಚಾಚಿದಳು, ಅವಳ ಕೈಗೆ ಅದನ್ನೇ ಇಟ್ಟೆ. ಅವಳು ಅದರ ಮೇಲಿನ ಹೆಸರು ಓದಿದಳು, ತಿರುಗಿಸಿ ಹಿಂದೆಯೂ ಓದಿದಳು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅವಳು ನನ್ನ ಮುಂದೆ ದನಿ ಎತ್ತಿದವಳಲ್ಲ. ಆವತ್ತೂ ಎತ್ತಲಿಲ್ಲ. ಮೆಲ್ಲಗೇ ಹೇಳಿದಳು.

"ಅತ್ತೆ, ಮಂಡಿಗೆ ಬಸುರು ನಿಲ್ಲಲ್ಲ."

ಮಗುವನ್ನು ನನಗೆ ಕೊಟ್ಟು ರಸ್ತೆ ದಾಟಿ ಎದುರಿಗಿದ್ದ ಇನ್ನೊಂದು ಶಾಪಿಗೆ ಹೋದಳು. ಅಲ್ಲೂ ಗಂಡಸರಿದ್ದರು. ಅವಳು ಗಲ್ಲಾದ ಮೇಲೆ ಕೈಯಿಟ್ಟು ಏನೋ ಹೇಳಿದಳು. ಅಂಗಡಿಯವನು ಒಳಗಿನಿಂದ ತಂದು ಕಾಗದದ ಕವರಿನಲ್ಲಿ ಹಾಕಿಕೊಟ್ಟ. ನಾನು ಮಗುವಿನ ಮೂಗು ಒರೆಸಿ ಮುಗಿಸುವಷ್ಟರಲ್ಲಿ ಅವಳು ವಾಪಸ್ ಬಂದಿದ್ದಳು.

"ಏನಂತ ಕೇಳಿದೆ?"

"ಎಪ್ಪತ್ತೆರಡು ಗಂಟೇದು ಮಾತ್ರೆ ಎರಡು ಕೊಡ್ರಿ ಅಂದೆ."

"ಅವ್ನು ಏನೂ ಅನ್ನಲಿಲ್ವಾ?"

"ಇಷ್ಟಾಯ್ತು ಅಂದ, ಕೊಟ್ಟೆ."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಾತ್ರೆ ನುಂಗಿದಳು. ಎಷ್ಟು ಚಿಕ್ಕದು ಎಂದರೆ ಮೀಸಲು ಗಡಿಗೆಯಲ್ಲಿ ಬಿದ್ದರೆ ಕಾಣಿಸುವುದಿಲ್ಲ. ಇಷ್ಟು ಸಣ್ಣದನ್ನು ನಂಬಿ ಕೂರಬೇಕಲ್ಲ ಎನಿಸಿತು. ಆಮೇಲೆ ಎರಡು ಗಂಟೆಯ ಕಾವಲು ಶುರುವಾಯಿತು. ಬಸ್ಸಿನಲ್ಲಿ ಹೊಟ್ಟೆ ತೊಳಸಬಾರದು ಎಂದು ಎರಡು ಬಸ್ಸು ಬಿಟ್ಟೆವು. ಮೂರನೆಯದರಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದು ಅವಳನ್ನು ಕೂರಿಸಿದೆ. ಪ್ರತಿ ಗುಂಡಿಗೂ "ಹೆಂಗೈತೆ? ಬರಂಗೈತಾ?" ಎಂದು ಕೇಳಿದೆ. "ನೀವು ಕೇಳ್ದಂಗೆಲ್ಲ ಬರಂಗಾಗ್ತೈತೆ ಅತ್ತೆ, ಸುಮ್ನಿರ್ರಿ" ಎಂದಳು. ಅವಳಿಗೆ ವಾಂತಿಯಾಗಲಿಲ್ಲ. ಮೊಮ್ಮಗಳಿಗೆ ಆಯಿತು, ಪೂರ್ತಿ ನನ್ನ ಸೀರೆಯ ಮೇಲೆ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಅದರಿಂದ ಸಮಾಧಾನವೇ ಆಯಿತು. ನನಗೆ ಏನಾದರೂ ಬೀಳಬೇಕಿತ್ತು, ಬಿತ್ತು.

ಆ ಸಂಜೆ ಮಗನಿಗೆ ಫೋನ್ ಮಾಡಿದೆ. "ಇನ್ನು ಮುಟ್ಟು ಬರೋ ತನಕ ಮನೆ ಕಡೆ ಬರಬ್ಯಾಡ. ಬಂದ್ರೂ ಕಾಂಡೋಮ್ ತಗಂಡು ಬಾ" ಎಂದೆ. ಆ ಕಡೆ ಬೋರ್ ಕೊರೆಯುವ ಸದ್ದು ಮಾತ್ರ ಕೇಳುತ್ತಿತ್ತು. "ಅವ್ವ, ಸ್ಪೀಕರ್ ಆನ್ ಐತೆ" ಎಂದ. "ಇದ್ರೆ ಒಳ್ಳೇದೇ ಆಯ್ತು, ಎಲ್ರೂ ಕೇಳ್ಕಳ್ಳಿ" ಎಂದೆ. ಮುಲಾಮು ಕೊಂಡದ್ದರ ಸೇಡು ಅವನ ಮೇಲೆ ತೀರಿಸಿಕೊಂಡೆ ಎಂದು ಕಾಣುತ್ತದೆ.

ಆಮೇಲಿನ ದಿನಗಳನ್ನು ಬರೆಯಲು ಹೆಚ್ಚೇನಿಲ್ಲ. ಕಾಯುವುದೊಂದೇ ಕೆಲಸ. ಮುಟ್ಟು ಹಿಂದಕ್ಕೂ ಬರಬಹುದು ಮುಂದಕ್ಕೂ ಹೋಗಬಹುದು, ವಾರ ಮೀರಿದರೆ ಪರೀಕ್ಷೆ ಮಾಡೋಣ ಎಂದಿದ್ದಳು ಆಶಾ. ನನ್ನ ಜನ್ಮದಲ್ಲಿ ಒಬ್ಬ ಹೆಂಗಸಿನ ಮುಟ್ಟು ಬರಲಿ ಎಂದು ಕಾದದ್ದು ಅದೇ ಮೊದಲು. ಸೊಸೆ ಬಚ್ಚಲಿಗೆ ಹೋದರೆ ಬಾಗಿಲ ಬಳಿ ನಿಲ್ಲುತ್ತಿದ್ದೆ. ಹೊರಗೆ ಬಂದರೆ ಮುಖ ನೋಡುತ್ತಿದ್ದೆ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಕೊಡ ಎತ್ತಲು ಬಿಡಲಿಲ್ಲ, ಆಮೇಲೆ ಕೊಡ ಎತ್ತಿದರೇ ಒಳ್ಳೆಯದೇನೋ ಎನಿಸಿ ಎತ್ತಿಸಿದೆ, ಮತ್ತೆ ಹೊಲಿಗೆ ನೆನಪಾಗಿ ಕಿತ್ತುಕೊಂಡೆ. ಒಂದು ದಿನ ಅವಳು ಕೊಡವನ್ನು ನೆಲದ ಮೇಲಿಟ್ಟು, "ಎತ್ಲಾ, ಬ್ಯಾಡ್ವಾ? ಒಂದು ಹೇಳ್ರಿ" ಎಂದಳು. ಕೊಡ ನಾನೇ ಎತ್ತಿಕೊಂಡು ನಡೆದೆ.

ಮುಟ್ಟು ಬರಬೇಕಾದ ದಿನ ಕಳೆಯಿತು. ಐದು ದಿನ ಮೀರಿತು. ಸೊಸೆ ಊಟ ಕಡಿಮೆ ಮಾಡಿದಳು. ಒಂದು ಮಧ್ಯಾಹ್ನ ಮಗುವಿಗೆ ತಲೆ ಬಾಚುತ್ತ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಹೇಳಿದಳು, "ಅತ್ತೆ, ಆವತ್ತು ಟೇಬಲ್ ಮೇಲೆ ಮಲಗಿದ್ದಾಗ ಡಾಕ್ಟ್ರು ನರ್ಸಿಗೆ ಹೇಳಿದ್ದು ಕೇಳಿಸ್ತು ನಂಗೆ. ಮನೆಯೋರು ಯಾರಾದ್ರೂ ಹೊರಗವ್ರಾ, ಹೇಳ್ಬೇಕಾಗ್ತೈತೆ ಅಂದ್ರು. ನಾನು ಕೂಸಿನ ಮುಖಾನೂ ನೋಡಿರಲಿಲ್ಲ ಇನ್ನ." ಮತ್ತೆ ಬಾಚತೊಡಗಿದಳು. ಆ ಹೊತ್ತಿನಲ್ಲಿ ನಾನು ಹೊರಗೆ ಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಸರಿ ಇದೆ ಎನ್ನುತ್ತಿದ್ದೆ. ಆ ಮಾತು ಅವಳು ಹತ್ತು ತಿಂಗಳು ಯಾರಿಗೂ ಹೇಳಿರಲಿಲ್ಲ. ನಾನು ಅವಳ ಮುಟ್ಟಿನ ದಿನ ಒಂದು ಬಿಟ್ಟು ಬೇರೇನೂ ಕೇಳಿದವಳೂ ಅಲ್ಲ.

ಎಂಟನೆಯ ದಿನ ಆಶಾ ಪರೀಕ್ಷೆಯ ಪಟ್ಟಿ ತಂದುಕೊಟ್ಟಳು. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಹೌದು. ಸೊಸೆ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೂವರೂ ಕೂತೆವು. ನನ್ನ ಕಣ್ಣಿಗೆ ಮೊದಲು ಎರಡು ಕಂಡಿತು. "ಅಯ್ಯೋ ಶಿವನೇ" ಎಂದು ಕೂಗಿದೆ.

"ಒಂದೇ ಐತೆ ಅಜ್ಜಿ, ಕನ್ನಡಕ ಹಾಕ್ಕಳ್ರಿ" ಎಂದಳು ಆಶಾ.

ಸೊಸೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಎರಡು ದಿನದ ಮೇಲೆ, ನಾನು ಕಾಳು ಕೇರುತ್ತಿದ್ದಾಗ, ಹಿತ್ತಲ ಬಾಗಿಲಿನಿಂದ "ಅತ್ತೆ, ಆಯ್ತು" ಎಂದಳು. ಅಷ್ಟೇ. ಮೊರ ಕೆಳಗಿಟ್ಟೆ. ನಮ್ಮ ಮನೆಯ ಪದ್ಧತಿಯ ಹಾಗೆ ಅವಳನ್ನು ಹೊರಗೆ ಕೂರಿಸಬೇಕಿತ್ತು. ಅವಳು ನೇರವಾಗಿ ಅಡಿಗೆಮನೆಗೆ ಹೋಗಿ ನೀರು ಕುಡಿದಳು. ನಾನು ನೋಡಲಿಲ್ಲ ಎಂದಿಟ್ಟುಕೊಳ್ಳಿ.

ಮೂರನೆಯ ದಿನ ಅವಳೇ ಹೇಳಿದಳು, ಆಸ್ಪತ್ರೆಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಬೇಕೆಂದು. ಮಗು ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು, ನನ್ನನ್ನು ಕರೆದುಕೊಂಡು ಹೋದಳು.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಚೀಟಿ ನೋಡಿ ಕೇಳಿದರು, "ಮಾತ್ರೆ ಸರಿಯಾಗಿ ತಗೊಳ್ತಿದ್ರಲ್ಲ, ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ರಿ?"

ಸೊಸೆ ತಲೆ ತಗ್ಗಿಸಿದಳು. ನನ್ನ ಮಾನ ಉಳಿಸಲು ಏನಾದರೂ ಸುಳ್ಳು ಹುಡುಕುತ್ತಿದ್ದಾಳೆ ಎಂದು ಗೊತ್ತಾಯಿತು.

"ನಾನು ನಿಲ್ಲಿಸ್ದೆ ಕಣ್ರಿ" ಎಂದೆ. "ಅವ್ಳು ಸರಿಯಾಗೇ ಹೇಳಿದ್ಲು, ನಾನು ಕೇಳ್ಲಿಲ್ಲ."

ಡಾಕ್ಟ್ರಮ್ಮ ನನ್ನನ್ನು ಒಮ್ಮೆ ನೋಡಿದರು, ಬೈಯಲಿಲ್ಲ. ಸೊಸೆಗೆ ಹೇಳತೊಡಗಿದರು. ಮತ್ತೆ ಮಾತ್ರೆ ಶುರು ಮಾಡಬಹುದು. ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ. ಇಲ್ಲ, ಕಾಪರ್-ಟಿ ಹಾಕಿಸಿಕೊಳ್ಳಬಹುದು, ವರ್ಷಗಟ್ಟಲೆ ಚಿಂತೆಯಿಲ್ಲ, ಬೇಡ ಎಂದಾಗ ತೆಗೆಸಬಹುದು. ಎಪ್ಪತ್ತೆರಡು ಗಂಟೆಯದನ್ನು ಮಾತ್ರ ದಿನದ ಅಭ್ಯಾಸ ಮಾಡಿಕೊಳ್ಳಬಾರದು. ಕಾಪರ್-ಟಿ ಎಂದ ಕೂಡಲೇ ನನ್ನ ಬಾಯಿ ತೆರೆಯಿತು. ಬಾಗೂರಿನಲ್ಲಿ ಒಬ್ಬಳಿಗೆ ಅದು ಮೇಲೆ ಹತ್ತಿ ಎದೆಗೆ ಹೋಗಿತ್ತಂತೆ ಎಂಬ ಕಥೆ ನಾಲಿಗೆಯ ತುದಿಯಲ್ಲಿತ್ತು. ಆ ಕಥೆ ನನಗೆ ಹೇಳಿದವಳು ಯಾರು ಎಂದು ಯೋಚಿಸಿದೆ. ಯಾರೂ ನೆನಪಾಗಲಿಲ್ಲ. ಬಹುಶಃ ನಾನೇ ಹುಟ್ಟಿಸಿದ್ದೇನೋ.

"ಅಜ್ಜಿ ಏನೋ ಹೇಳ್ಬೇಕು ಅಂತಿದ್ದಾರೆ" ಎಂದರು ಡಾಕ್ಟ್ರಮ್ಮ.

"ಏನಿಲ್ರಿ" ಎಂದೆ.

ಸೊಸೆ ಕೇಳಿದಳು, "ಮೇಡಂ, ಕಾಪರ್-ಟಿ ಹಾಕಿದ್ಮೇಲೆ ಅದನ್ನ ಬೇರೆ ಯಾರಾದ್ರೂ ನಿಲ್ಸಾಕಾಗ್ತೈತಾ?"

"ನೀವಾಗಿ ನಮ್ಮ ಹತ್ರ ಬಂದು ತೆಗೀರಿ ಅಂದ್ರೆ ಮಾತ್ರ ತೆಗೀತೀವಿ."

"ಹಂಗಾರೆ ಅದೇ ಹಾಕ್ರಿ."

ಡಾಕ್ಟ್ರಮ್ಮ ಹೊಟ್ಟೆ ಮುಟ್ಟಿ ನೋಡಿ, ಹೊಲಿಗೆ ಚೆನ್ನಾಗಿ ಕೂಡಿದೆ, ಹಾಕಬಹುದು ಎಂದರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಬೆಂಚಿತ್ತು, ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದೆ. ಬಹಳ ಹೊತ್ತೇನೂ ಆಗಲಿಲ್ಲ. ಸೊಸೆ ನಿಧಾನವಾಗಿ ನಡೆದು ಬಂದಳು, ಗೋಡೆ ಹಿಡಿದು ನಿಂತಳು.

"ಹೊಟ್ಟೆ ಸ್ವಲ್ಪ ಹಿಡ್ದಂಗೈತೆ" ಎಂದಳು.

ಜೀರಿಗೆ ಕಷಾಯ, ಬಿಸಿ ಇಟ್ಟಿಗೆ, ಓಮದ ಪುಡಿ, ಮೂರೂ ಒಟ್ಟಿಗೆ ಬಾಯಿಗೆ ಬಂದವು. ನುಂಗಿಕೊಂಡೆ.

"ಡಾಕ್ಟ್ರು ಏನಂದ್ರು?"

"ಇವತ್ತು ಹಿಂಗೇ ಇರ್ತೈತೆ, ನಾಳೆ ನಾಡಿದ್ದು ಸರಿ ಹೋಗ್ತೈತೆ. ಜಾಸ್ತಿ ಆದ್ರೆ ಬಾ ಅಂದ್ರು."

"ಹಂಗಾರೆ ಸರಿ" ಎಂದೆ. ಅವಳು ಮಗುವಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ, ಸೊಂಟದ ಮೇಲೆ ಮೇಲಕ್ಕೆ ಸರಿಸಿಕೊಂಡು ಅವಳ ಹಿಂದೆ ನಡೆದೆ.